ಸೇವಂತಕ್ಕನ ಬಚ್ಚಲ ಬೆಂಕಿ

ಮರ್ಕಂಜದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ಸೇವಂತಕ್ಕನೇ ಆಗಬೇಕು. ಅವಳ ಕೈಯಲ್ಲಿ ಮಿಂದ ಮಕ್ಕಳು ಅಳುವುದೇ ಇಲ್ಲ ಎಂದು ಊರವರು ಹೇಳುತ್ತಾರೆ. ಅಳುತ್ತವೆ, ಚೆನ್ನಾಗಿಯೇ ಅಳುತ್ತವೆ. ಆದರೆ ಸೇವಂತಕ್ಕನ ಎದುರು ಹಾಗೆನ್ನುವ ಧೈರ್ಯ ಯಾರಿಗಿದೆ?

ಅವಳಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಕೈಯಲ್ಲೊಂದು ಗೋಣಿಚೀಲ ಇರುತ್ತಿತ್ತು. ದಾರಿಯಲ್ಲಿ ಬಿದ್ದ ಹಾಲಿನ ತೊಟ್ಟೆ, ಚಿಪ್ಸಿನ ತೊಟ್ಟೆ, ಎಣ್ಣೆಯ ಕವರು, ಒಂದನ್ನೂ ಬಿಡದೆ ಹೆಕ್ಕಿ ಅದಕ್ಕೆ ತುಂಬುವಳು. ಮೀಯಿಸುವ ಮನೆ ತಲುಪಿ, ಆ ಪ್ಲಾಸ್ಟಿಕ್ಕನ್ನೆಲ್ಲ ಬಚ್ಚಲ ಒಲೆಯ ಕಟ್ಟಿಗೆಯ ನಡುವೆ ತುರುಕಿ ಕಡ್ಡಿ ಗೀರಿದರೆ ಮುಗಿಯಿತು, ಬೆಂಕಿ ಭಗ್ಗೆಂದು ಹಿಡಿಯುತ್ತದೆ. ದಾರಿಯೂ ಚೊಕ್ಕ, ಕಟ್ಟಿಗೆಯೂ ಉಳಿತಾಯ. ಪಂಚಾಯತಿನವರು ಸ್ವಚ್ಛತೆಯ ಬಗ್ಗೆ ಭಾಷಣ ಬಿಗಿಯುವಾಗ ಅವಳು ಮುಂದಿನ ಸಾಲಿನಲ್ಲೇ ಕೂತು, ಇದನ್ನೆಲ್ಲ ನನಗೆ ಹೇಳಬೇಕೇ ಎಂಬಂತೆ ತಲೆಯಾಡಿಸುತ್ತಿದ್ದಳು.

ಈ ಸಲದ ಕೆಲಸ ದಮಯಂತಿಯ ಮನೆಯಲ್ಲಿ. ಅವಳ ಮಗಳು ಭವಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಹೆಣ್ಣು ಮಗು ಹುಟ್ಟಿತ್ತು. ಇಪ್ಪತ್ತಾರು ವರ್ಷಗಳ ಹಿಂದೆ ಇದೇ ಬಚ್ಚಲಿನಲ್ಲಿ ಭವಿತಾಳನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದವಳೂ ಸೇವಂತಕ್ಕನೇ. ಹಾಗಾಗಿ ಈ ಕೂಸೆಂದರೆ ಅವಳಿಗೆ ಒಂದು ಹಿಡಿ ಹೆಚ್ಚೇ ಪ್ರೀತಿ.

ಹದಿನೈದು ದಿನ ಕಳೆಯುವಷ್ಟರಲ್ಲಿ ಕೂಸಿನ ಎದೆಯಲ್ಲಿ ಕುಯ್ ಕುಯ್ ಸದ್ದು ಶುರುವಾಯಿತು. ಬೆಳಿಗ್ಗೆ ಮಿಂದು ಮಲಗಿದ ಮಗು ಮಧ್ಯಾಹ್ನದ ಹೊತ್ತಿಗೆ ಹಾಲು ಕುಡಿಯಲಾರದೆ ಬಿಟ್ಟು ಬಿಟ್ಟು ಉಸಿರೆಳೆಯುತ್ತಿತ್ತು. ಸುಳ್ಯದ ಡಾಕ್ಟರು ಮೊದಲು ಕೇಳಿದ್ದೇ ಮನೆಯಲ್ಲಿ ಹೊಗೆ ಇದೆಯೇ ಎಂದು. ಮಗುವಿಗೆ ಹೊಗೆ ತಾಗಿಸಬೇಡಿ, ಹೀಗೇ ಮುಂದುವರಿದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಸೇವಂತಕ್ಕ ಸೆರಗು ಸಿಕ್ಕಿಸಿದಳು. ಸಾಂಬ್ರಾಣಿ ಹಾಕುವುದನ್ನು ನಿಲ್ಲಿಸಿದಳು. ಸೊಳ್ಳೆಬತ್ತಿಯನ್ನು ಎತ್ತಿ ಅಂಗಳಕ್ಕೆ ಎಸೆದಳು. ದಮಯಂತಿ ಮೆಣಸು ಹುರಿಯಲು ಹೊರಟರೆ ಗದರಿದಳು. ಭವಿತಾಳ ಗಂಡ ಉದಯ ಮಗುವನ್ನು ನೋಡಲು ಪಂಜದಿಂದ ಬಂದರೆ, ಬೈಕನ್ನು ರಸ್ತೆಯಲ್ಲೇ ಆಫ್ ಮಾಡಿ ನೂಕಿಕೊಂಡು ಬರಬೇಕೆಂದು ಕಟ್ಟಳೆ ಮಾಡಿದಳು. ಪಾಪದ ಮನುಷ್ಯ, ಬೆವರು ಸುರಿಸುತ್ತ ಏರು ಹತ್ತಿಸಿದ. ಬಚ್ಚಲ ಒಲೆ ಮಾತ್ರ ಅವಳ ತಲೆಗೇ ಹೋಗಲಿಲ್ಲ. ಅವಳ ಪಾಲಿಗೆ ಅದು ಹೊಗೆಯಲ್ಲ, ಬಿಸಿನೀರು. ಭವಿತಾ ಒಂದೆರಡು ಸಲ ಬಚ್ಚಲ ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟವಳು, ಹೇಳದೆ ಒಳಗೆ ಹೋದಳು.

ಅಷ್ಟರಲ್ಲಿ ಕೊಯಿಲದಲ್ಲಿ ತಂಗಿಯ ಮಗಳ ಮದುವೆ ಬಂತು. ಸೇವಂತಕ್ಕ ಮೂರು ದಿನ ಅಲ್ಲಿರಲೇಬೇಕಾಯಿತು. ಗ್ಯಾಸಿನಲ್ಲಿ ನೀರು ಕಾಯಿಸಿ ಮಗುವನ್ನು ಮೀಯಿಸುವ ಕೆಲಸ ದಮಯಂತಿಯ ಪಾಲಿಗೆ ಬಂತು. ಮದುವೆ ಮನೆಯಲ್ಲಿ ಸೇವಂತಕ್ಕನಿಗೆ ಊಟ ಸೇರಲಿಲ್ಲ, ಕೂಸಿನ ಉಸಿರಿನದ್ದೇ ಚಿಂತೆ. ನಾಲ್ಕನೇ ದಿನ ಮೊದಲ ಬಸ್ಸಿಗೇ ವಾಪಸಾದಳು.

ದಮಯಂತಿ ನಗುನಗುತ್ತ ಎದುರು ಬಂದಳು. "ಮೂರು ದಿನದಿಂದ ಆ ಸದ್ದೇ ಇಲ್ಲ ಮಾರಾಯ್ತಿ. ಚಂದ ಹಾಲು ಕುಡಿತಾ ಉಂಟು."

ಸೇವಂತಕ್ಕನಿಗೆ ಸಂತೋಷವಾಯಿತು, ಅದರ ಬೆನ್ನಿಗೇ ಸಣ್ಣ ಹೊಟ್ಟೆಕಿಚ್ಚೂ ಹುಟ್ಟಿತು. ಮಗು ಸುಖವಾಗಿರಲು ನಾನು ಇಲ್ಲದಿರಬೇಕೇ? ಮುಖ ಬಿಗಿದುಕೊಂಡು ಬಚ್ಚಲಿಗೆ ಹೋದವಳೇ, ಬಸ್ಸಿಳಿದು ಬರುವ ದಾರಿಯಲ್ಲಿ ಹೆಕ್ಕಿದ ತೊಟ್ಟೆಗಳ ಚೀಲ ಬಿಚ್ಚಿ ಒಲೆ ಹೊತ್ತಿಸಿದಳು. ನೀರು ಕಾಯಿತು. ಮಗುವನ್ನು ಕಾಲ ಮೇಲೆ ಮಲಗಿಸಿ ಎರಡು ಚೆಂಬು ಹೊಯ್ದಿರಬಹುದು, ಪುಟ್ಟ ಎದೆ ಒಳಕ್ಕೆ ಜಗ್ಗಿ ಕುಯ್ ಎಂದಿತು. ಗಾಬರಿಯಿಂದ ತಲೆಯೆತ್ತಿದರೆ ಒಲೆಯ ಬಾಯಿಂದ ಹೊರಟ ಕಪ್ಪು ಹೊಗೆ ಹೋಗಲು ದಾರಿಯಿಲ್ಲದೆ ಮಾಡಿನ ಕೆಳಗೆ ನಿಂತಿತ್ತು. ಇಷ್ಟು ವರ್ಷ ದಿನಾ ಕಂಡದ್ದನ್ನು ಅವಳು ನಿಜವಾಗಿ ನೋಡಿದ್ದು ಅವತ್ತು.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಓಡಿದಳು. ಭವಿತಾಳ ಕೈಗೆ ಕೊಟ್ಟು, ತಿರುಗಿ ಬಂದು ಒಲೆಗೆ ನೀರು ಹೊಯ್ದು, ಮೆಟ್ಟಿಲ ಮೇಲೆ ಕುಸಿದು ಕೂತಳು. ದಮಯಂತಿ ಸಮಾಧಾನ ಹೇಳಲು ಬಂದಳು. ಭವಿತಾಳಿಗೂ ಸಣ್ಣವಳಿರುವಾಗ ಇದೇ ತೊಂದರೆ ಇತ್ತಲ್ಲ, ಹತ್ತು ವರ್ಷದವರೆಗೆ ದಮ್ಮು ಕಟ್ಟುತ್ತಿತ್ತಲ್ಲ, ವಂಶದಲ್ಲೇ ಬಂದದ್ದು, ನೀನೇನು ಮಾಡುತ್ತಿ ಎಂದಳು.

ಸಮಾಧಾನವಾಗುವ ಬದಲು ಸೇವಂತಕ್ಕನಿಗೆ ಹಳೆಯದೊಂದು ನೆನಪಾಯಿತು. ಭವಿತಾ ಹುಟ್ಟಿದಾಗ ಊರಲ್ಲಿ ಇಷ್ಟೊಂದು ತೊಟ್ಟೆಗಳಿರಲಿಲ್ಲ. ಆಗ ಅವಳು ಒಲೆ ಹಿಡಿಸುತ್ತಿದ್ದದ್ದು ಹಳೆಯ ಸೈಕಲ್ ಟ್ಯೂಬಿನ ತುಂಡುಗಳಿಂದ. ಅದರಿಂದಲೇ ಹಾಗಾಯಿತೆಂದು ಯಾರೂ ಹೇಳಲಾರರು. ಅಲ್ಲವೆನ್ನಲು ಅವಳಿಗೂ ಬಾಯಿ ಬರಲಿಲ್ಲ. ತಾಯಿಗೆ ಟ್ಯೂಬು, ಮಗಳಿಗೆ ತೊಟ್ಟೆ.

ಎದ್ದು ಭವಿತಾಳ ಕೋಣೆಗೆ ಹೋಗಿ ಒಂದನ್ನೂ ಬಚ್ಚಿಡದೆ ಹೇಳಿದಳು. ನಾಳೆಯಿಂದ ಬರುವುದಿಲ್ಲ ಎಂದೂ ಹೇಳಿದಳು.

ಭವಿತಾ ತಲೆ ತಗ್ಗಿಸಿದಳು. "ವಾಸನೆಯಲ್ಲೇ ನನಗೆ ಗೊತ್ತಾಗಿತ್ತು ಸೇವಂತಕ್ಕ. ನನ್ನನ್ನು ಮೀಯಿಸಿದವರು ನೀವು. ಹೇಳಿದ್ರೆ ನಿಮಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ."

ಸೇವಂತಕ್ಕನಿಗೆ ಎಂದೂ ಬಾರದಂಥ ಸಿಟ್ಟು ಬಂತು. ಹುಡುಗಿಯ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ.

"ನನ್ನ ಬೇಜಾರು ಎರಡು ದಿನದ್ದು ಮಗಾ," ಎಂದಳು. "ಕೂಸಿನ ಉಸಿರಿಗಿಂತ ಅದು ದೊಡ್ಡದಾ?"

ಭವಿತಾ ಅತ್ತಳು. ಅತ್ತು ಮುಗಿದ ಮೇಲೆ, ನಾಳೆಯೂ ನೀವೇ ಬರಬೇಕು ಎಂದಳು.

ಮರುದಿನ ಸೇವಂತಕ್ಕ ಅರ್ಧ ಗಂಟೆ ಮೊದಲೇ ಬಂದಳು. ಅಂಗಳದಾಚೆ ಬಯಲಲ್ಲಿ ಮೂರು ಕಲ್ಲು ಹೂಡಿ, ಒಣಗಿದ ತೆಂಗಿನ ಗೆರಟೆ ಒಟ್ಟಿ, ಊದಿ ಊದಿ ಬೆಂಕಿ ಮಾಡಿದಳು. ಹಂಡೆ ತುಂಬ ಕುದಿಸಿ ಅರ್ಧವನ್ನು ತಣಿಯಲು ಬಿಡುವುದು ಈವರೆಗಿನ ರೂಢಿ. ಇವತ್ತು ಬೇಕಾದಷ್ಟೇ ನೀರಿಟ್ಟು ಮುಚ್ಚಳ ಹಾಕಿದಳು. ನಾಲ್ಕು ಹಿಡಿ ಗೆರಟೆಗೆ ನೀರು ಕಾದದ್ದು ಕಂಡು, ಇಷ್ಟು ವರ್ಷ ಸುಟ್ಟ ಕಟ್ಟಿಗೆ ನೆನೆದು ತನ್ನನ್ನೇ ಬೈದುಕೊಂಡಳು. ನೀರನ್ನು ಒಳಗೆ ಹೊತ್ತು ಕೂಸನ್ನು ಮೀಯಿಸಿದಳು. ಕೂಸು ಮನೆ ಹಾರಿಹೋಗುವಂತೆ ಅತ್ತಿತು, ಮಧ್ಯಾಹ್ನ ಸದ್ದಿಲ್ಲದೆ ನಿದ್ದೆ ಮಾಡಿತು.

ಸೇವಂತಕ್ಕ ಅಲ್ಲಿಂದ ಮನೆಗೆ ಹೋಗಲಿಲ್ಲ. ಆ ವರ್ಷ ಅವಳು ಇನ್ನೂ ನಾಲ್ಕು ಮನೆಗಳಲ್ಲಿ ಒಲೆ ಹೊತ್ತಿಸಿದ್ದಳು. ಯಾರೂ ಕರೆಯದಿದ್ದರೂ ಮೊದಲು ಅಲೀಮಮ್ಮನ ಮನೆಯ ಮೆಟ್ಟಿಲು ಹತ್ತಿದಳು. ನಿಮ್ಮ ಮೊಮ್ಮಗನ ಉಸಿರು ಹೇಗಿದೆ ಎಂದು ಕೇಳಿದಳು. ಅಲೀಮಮ್ಮ ಮಣೆ ಕೊಟ್ಟು, ನೀರು ಬೆಲ್ಲ ಇಟ್ಟು, ಎಂಥ ತೊಂದರೆಯೂ ಇಲ್ಲ, ನಿಮ್ಮ ಕೈಗುಣ ಒಳ್ಳೆಯದು ಎಂದಳು.

ಸೇವಂತಕ್ಕ ನೀರು ಮುಟ್ಟಲಿಲ್ಲ. "ನನ್ನ ಮುಖ ನೋಡಿ ಹೇಳುದು ಬೇಡ," ಎಂದಳು. "ನಿಜ ಹೇಳಿ."

ಅಲೀಮಮ್ಮ ನೀರು ಬೆಲ್ಲವನ್ನು ಬದಿಗೆ ಸರಿಸಿದಳು. ಆಮೇಲೆ ಒಳಗಿನಿಂದ ಮಗುವನ್ನು ಎತ್ತಿ ತಂದು ಸೇವಂತಕ್ಕನ ಮಡಿಲಲ್ಲಿ ಮಲಗಿಸಿದಳು.

"ಸ್ವಲ್ಪ ಉಂಟು," ಎಂದಳು.