ಎಡಗಡೆಯ ತಿರುಪು

ನಾನು ಚಿತ್ರಗಳನ್ನು ಅಚ್ಚು ಹಾಕುವ ಒಂದು ಯಂತ್ರ. ಪತ್ರಿಕೆ, ಲಗ್ನಪತ್ರಿಕೆ ನನ್ನ ಕೆಲಸವಲ್ಲ. ಕಲಾವಿದರು ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ, ಒದ್ದೆ ಕಾಗದ ಹೊದಿಸಿ ಕೊಟ್ಟರೆ ನನ್ನ ಎರಡು ಉರುಳೆಗಳ ನಡುವೆ ಹಾಯಿಸಿ ಚಿತ್ರ ಮೂಡಿಸುತ್ತೇನೆ. ಬೆಳಗಾವಿಯ ಮೌಲಾಸಾಬ್ ಲೋಹಾರ ಹಳೆಯ ಕಬ್ಬಿನ ಗಾಣದ ಉರುಳೆಗಳನ್ನು ಕಡೆದು ನನ್ನನ್ನು ಮಾಡಿದ. ಒತ್ತಡ ಹೆಚ್ಚು ಕಡಿಮೆ ಮಾಡಲು ನೆತ್ತಿಯ ಮೇಲೆ ಎರಡು ತಿರುಪು, ಪಕ್ಕದಲ್ಲಿ ಒಂದು ದೊಡ್ಡ ಚಕ್ರ.

ಮಾಡಿಸಿದವರು ಧಾರವಾಡದ ಡ್ರಾಯಿಂಗ್ ಮಾಸ್ತರ ಚಿದಾನಂದ ಹಂಚಿನಾಳ. ಒಂಬತ್ತು ವರ್ಷ ಚಕ್ರ ಹಿಡಿದದ್ದು ಅವರೊಬ್ಬರೇ. ಹೆಂಡತಿ ಅಂಬುಜಾ ಕಾಗದ ನೆನೆಸುತ್ತಿದ್ದರು, ತಗಡು ಒರೆಸುತ್ತಿದ್ದರು. ಒಂದು ಬೇಸಿಗೆ ಮಾಸ್ತರರು ಪರೀಕ್ಷೆಯ ಕೆಲಸಕ್ಕೆ ಪರವೂರಿಗೆ ಹೋದಾಗ ಅಂಬುಜಾ ತಾವೇ ಅಂಗೈಯಗಲದ ತಗಡೊಂದನ್ನು ಕೊರೆದು ಅಚ್ಚು ತೆಗೆದರು. ಮಾಸ್ತರರು ಬಂದು ನೋಡಿ, "ಕೈ ಛಲೋ ಐತಿ" ಎಂದರು. ಅಂದಿನಿಂದ ಇಬ್ಬರಿಗೂ ದುಡಿದೆ.

ಆಮೇಲೆ ಬೆಂಗಳೂರಿನ ಒಂದು ಗ್ಯಾಲರಿಯಿಂದ ಪತ್ರ ಬಂತು. ಹದಿನೈದು ಚಿತ್ರಗಳ ಪ್ರದರ್ಶನ, ಅಂಬುಜಾ ಒಬ್ಬರದೇ. ಮಾಸ್ತರರು ಪತ್ರವನ್ನು ಎರಡು ಸಲ ಓದಿ, "ಒಳ್ಳೇದಾತು" ಎಂದು ಮಡಚಿಟ್ಟರು.

ಹದಿನೈದರಲ್ಲಿ ಎಲ್ಲಕ್ಕಿಂತ ದೊಡ್ಡದು ಅಂಬುಜಾರ ತಾಯಿ ಕೌದಿ ಹೊಲಿಯುತ್ತ ಕೂತ ಚಿತ್ರ. ತಾಯಿ ಬದುಕಿದ್ದಾಗ ಬರೆದುಕೊಂಡಿದ್ದ ಗೆರೆಗಳನ್ನು ತಗಡಿಗಿಳಿಸಲು ಎಂಟು ತಿಂಗಳು ಹಿಡಿದಿತ್ತು. ಅಂಬುಜಾರಿಗೆ ಭುಜನೋವಿದ್ದುದರಿಂದ ಚಕ್ರ ತಿರುಗಿಸಲು ಮಾಸ್ತರರು ನಿಂತರು. ಮೊದಲನೆಯ ಪ್ರತಿ ಚೊಕ್ಕಟವಾಗಿ ಬಂತು. ಅದನ್ನು ಒಣಹಾಕಲು ಅಂಬುಜಾ ಆಚೆ ಹೋದರು. ಮಾಸ್ತರರ ಕೈ ನನ್ನ ಎಡಗಡೆಯ ತಿರುಪಿನ ಮೇಲೆ ಬಂತು. ಒಂದೂವರೆ ಸುತ್ತು ಬಿಗಿಯಾಯಿತು.

ಎರಡನೆಯ ಪ್ರತಿಗೆ ತಗಡು ಓರೆಯಾಗಿ ಹಾಯಿತು. ಕಾಗದ ಹರಿಯಿತು. ತಾಮ್ರ ತಾಯಿಯ ಮುಖದ ನಡುವೆಯೇ ಮಡಚಿಕೊಂಡಿತು.

"ಏನಾತ್ರೀ ಇದು?" ಅಂಬುಜಾರ ದನಿ ಸಣ್ಣದಾಗಿತ್ತು.

"ಮಷಿನ್ ಹಳೇದಾಗೇತಿ."

ಅಂಬುಜಾ ಮೌಲಾಸಾಬನಿಗೆ ಹೇಳಿ ಕಳಿಸಿದರು. ಮರುದಿನ ಅವನು ಬಸ್ಸಿನಲ್ಲಿ ಬಂದು, ಚಷ್ಮಾ ಏರಿಸಿ ನನ್ನನ್ನು ಉದ್ದಕ್ಕೂ ಮುಟ್ಟಿ ನೋಡಿದ. "ಮಷಿನ್‌ದು ಏನೂ ತಪ್ಪಿಲ್ರಿ ಬಾಯಾರ. ಎಡಗಡಿ ಸ್ಕ್ರೂ ಒಂದೂವರಿ ಸುತ್ತ ಜಾಸ್ತಿ ಐತಿ. ತಾನ ತಿರಗೂದಿಲ್ರಿ ಅದು."

ಮಾಸ್ತರರು ಮಸಿಯ ಅರಿವೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಕೈ ಇನ್ನಷ್ಟು ಕಪ್ಪಾಗುತ್ತಿತ್ತು.

"ನಾನ ತಿರುವಿದ್ದೆ."

"ಯಾಕ?"

"ಹಿಂಗಾಗತೈತಿ ಅಂತ ಅನಕೊಂಡಿರಲಿಲ್ಲ. ಅಚ್ಚು ಒಂಚೂರು ಕೆಡಲಿ ಅನಿಸಿತ್ತು." ಅರಿವೆ ಕೆಳಗಿಟ್ಟು ಹೇಳಿದರು, "ಪತ್ರದಾಗ ನನ್ನ ಹೆಸರ ಇರಲಿಲ್ಲ, ಅಂಬೂ."

ಅಂಬುಜಾ ಅಳಲಿಲ್ಲ, ಕೂಗಾಡಲೂ ಇಲ್ಲ. ಮಡಚಿದ ತಗಡನ್ನು ಎತ್ತಿ ಗೋಡೆಗೆ ಒರಗಿಸಿಟ್ಟರು. "ಇರೂದು ಒಂದ ಪ್ರತಿ. ಅದನ್ನ ಕಳಸ್ತೀನಿ. ಇನ್ನ ಮ್ಯಾಲ ಚಕ್ರ ನಾನ ತಿರಗಸ್ತೀನಿ. ನೀವು ಕಾಗದ ನೆನಸ್ರಿ."

ಹಾಗೆಯೇ ಆಯಿತು. ಉಳಿದವುಗಳಿಗೆಲ್ಲ ಅಂಬುಜಾ ಹಲ್ಲು ಕಚ್ಚಿಕೊಂಡು ಚಕ್ರ ಎಳೆದರು. ಮಾಸ್ತರರು ಕಾಗದ ನೆನೆಸಿದರು, ತಗಡು ಒರೆಸಿದರು, ಚೌಕಟ್ಟಿಗೆ ಗಾಜು ಕೂರಿಸಿದರು, ಪೆಟ್ಟಿಗೆಗೆ ಮೊಳೆ ಹೊಡೆದರು. ಬೆಂಗಳೂರಿಗೆ ಅಂಬುಜಾ ಒಬ್ಬರೇ ಹೋದರು. ಹಿಂದಿರುಗಿದ ದಿನ ಮಾಸ್ತರರು, "ಅವ್ವನ ಮುಂದ ಮಂದಿ ನಿಂತಿದ್ರೇನು?" ಎಂದು ಕೇಳಿದರು. "ನಿಂತಿದ್ರು" ಎಂದರು ಅಂಬುಜಾ. ಆ ಮಾತು ಅಲ್ಲಿಗೇ ನಿಂತಿತು.

ಅನಂತರ ಮಾಸ್ತರರು ಏಳು ವರ್ಷ ಏನನ್ನೂ ಕೊರೆಯಲಿಲ್ಲ. ಬದುಕಿನ ಕೊನೆಯ ವರ್ಷ, ಕೈ ನಡುಗುತ್ತಿದ್ದಾಗ, ತಮ್ಮ ಮನೆಯ ಕಿಟಕಿಯ ಚಿತ್ರವೊಂದನ್ನು ಕೊರೆದರು. ಅಚ್ಚು ತೆಗೆಯುವ ಮೊದಲೇ ತೀರಿಕೊಂಡರು. ಅಂಬುಜಾ ಅದರ ಐದು ಪ್ರತಿ ತೆಗೆದು, ಮಾಸ್ತರರೇ ಹಾಕಬೇಕಿದ್ದ ಸಹಿಯ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದರು: ಅಚ್ಚು ತೆಗೆದವಳು ಅಂಬುಜಾ.

ಈಗ ನಾನು ಒಂದು ಕಲಾಶಾಲೆಯ ಮೂಲೆಯಲ್ಲಿದ್ದೇನೆ. ಮಕ್ಕಳು ಒದ್ದೆ ಏಪ್ರನ್ನುಗಳನ್ನು ನನ್ನ ಚಕ್ರಕ್ಕೆ ನೇತುಹಾಕುತ್ತಾರೆ. ಅಂಬುಜಾ ಕ್ಷಮಿಸಿದರೇ ಎಂದು ಕೇಳಿದರೆ ನಾನು ಹೇಳಲಾರೆ. ನನಗೆ ತಿಳಿಯುವುದು ಭಾರ ಮಾತ್ರ. ಆ ಐದು ಪ್ರತಿಗಳ ದಿನ ಅವರ ಕೈ ಚಕ್ರದ ಮೇಲೆ ಬಹಳ ಹಗುರಾಗಿತ್ತು.