ಫಾರಂನ ಏಳನೇ ಪ್ರಶ್ನೆ

ಉಗಾಂಡಕ್ಕೆ ಹೋಗುವವಳು ಸುಧಾ ಎಂದು ಗೊತ್ತಾದ ದಿನ ಚೇಳೂರಿನ ಶಿವರುದ್ರಮ್ಮನಿಗೆ ಊಟ ಸೇರಲಿಲ್ಲ. ಆ ದೇಶದಲ್ಲೂ ರಾಗಿ ಬೆಳೆಯುತ್ತಾರಂತೆ. ಅಲ್ಲಿಯ ರೈತ ಹೆಂಗಸರಿಗೆ ಗುಳಿ ರಾಗಿ ನಾಟಿ ತೋರಿಸಲು ತುಮಕೂರಿನ ಒಂದು ಸಂಸ್ಥೆ ಜಿಲ್ಲೆಯಿಂದ ಒಬ್ಬಳನ್ನು ಕಳಿಸುವುದೆಂದು ತೀರ್ಮಾನವಾಗಿತ್ತು. ಗುಳಿ ತೆಗೆದು, ಗೊಬ್ಬರ ಹಾಕಿ, ಎರಡೆರಡು ಪೈರು ಇಡುವುದನ್ನು ಕೊತ್ತಗೆರೆಯ ಸುಧಾಳಿಗೆ ಕೈ ಹಿಡಿದು ಕಲಿಸಿದವಳೇ ಶಿವರುದ್ರಮ್ಮ. ಆದರೆ ಸುಧಾ ಮೈಕ್ ಹಿಡಿದರೆ ಸಭೆಯೇ ಗಪ್‌ಚಿಪ್ಪಾಗುತ್ತಿತ್ತು. ಶಿವರುದ್ರಮ್ಮ ಮೈಕ್ ಮುಂದೆ ನಿಂತರೆ ಗಂಟಲು ಒಣಗುತ್ತಿತ್ತು. ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದ್ದರು, ಆಯ್ಕೆಯಾದವಳು ಸುಧಾ.

"ನಿಮ್ಮನ್ನ ರಿಸರ್ವ್‌ನಲ್ಲಿ ಇಟ್ಟಿದೀವಿ ಶಿವರುದ್ರಮ್ಮೋರೆ," ಎಂದು ಸಂಸ್ಥೆಯ ರೇಣುಕಾಪ್ರಸಾದ್ ಫೋನ್ ಮಾಡಿದರು. "ಹಳದಿ ಜ್ವರದ ಇಂಜೆಕ್ಷನ್ ನೀವೂ ಹಾಕಿಸ್ಕೋಬೇಕು."

"ಹೋಗ್ದೆ ಇರೋಳಿಗೆ ಇಂಜೆಕ್ಷನ್ ಯಾಕೆ ಸಾರ್? ನಂಗೇನ್ ಕಾಮಾಲೆನಾ?"

"ಕಾಮಾಲೆ ಅಲ್ಲಮ್ಮ, ಇದು ಆ ಕಡೆ ಸೊಳ್ಳೆಯಿಂದ ಬರೋ ಕಾಯ್ಲೆ. ಹಾಕಿಸ್ಕೊಂಡು ಹತ್ತು ದಿನ ಆದ್ಮೇಲೇ ಸರ್ಟಿಫಿಕೇಟ್ ನಡೆಯೋದು. ಕೊನೇ ಗಳಿಗೇಲಿ ಸುಧಾಗೆ ಹೋಗಕ್ಕಾಗ್ಲಿಲ್ಲ ಅಂದ್ರೆ, ಆಗ ನಿಮ್ಗೆ ಹಾಕ್ಸಿ ಕಳ್ಸಕ್ಕಾಗಲ್ಲ."

ಸುಧಾಗೆ ಹೋಗಕ್ಕಾಗ್ಲಿಲ್ಲ ಅಂದ್ರೆ. ಆ ಮಾತು ಶಿವರುದ್ರಮ್ಮನ ಎದೆಯಲ್ಲಿ ನಾಟಿಕೊಂಡಿತು. ಹಿಟ್ಟು ಕಲೆಸುವಾಗ, ಹಸು ಕಟ್ಟುವಾಗ ಅದೇ ಮಾತು. ಅವಳಿಗೆ ಕೆಟ್ಟದ್ದೇನೂ ಆಗುವುದು ಬೇಡ, ಒಂದು ಸಣ್ಣ ಜ್ವರ ಬಂದರೆ ಸಾಕು ಎಂದುಕೊಂಡು, ಮರುಕ್ಷಣ ತನ್ನ ಮೇಲೆ ತನಗೇ ಅಸಹ್ಯವಾಗಿ ದೇವರಿಗೆ ಕೈಮುಗಿದಳು.

ಇಂಜೆಕ್ಷನ್‌ಗೆ ನಿಗದಿಯಾದ ದಿನ ಬೆಳಿಗ್ಗೆ ಇಬ್ಬರೂ ತುಮಕೂರಿನ ಸದಾಶಿವನಗರದಲ್ಲಿದ್ದ ಸಂಸ್ಥೆಯ ಆಫೀಸಿನಲ್ಲಿ ಸೇರಿ, ಕಾಗದಪತ್ರ ತೆಗೆದುಕೊಂಡು ಬೆಂಗಳೂರಿನ ರೈಲು ಹತ್ತಿದರು. ಆ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ. ಅದಕ್ಕೆಂದೇ ಗೊತ್ತುಮಾಡಿದ ಕೇಂದ್ರಕ್ಕೇ ಹೋಗಬೇಕು. ದಾರಿಯುದ್ದಕ್ಕೂ ಸುಧಾಳ ಮಾತೇ ಮಾತು. "ಅಕ್ಕ, ಅಲ್ಲಿ ಸೆಕೆನೋ ಚಳಿನೋ? ಸ್ವೆಟರ್ ತಗೊಳ್ಳಾ? ನಮ್ಮನೆಯೋರು ಹೊಸ ಸೂಟ್‌ಕೇಸ್ ತಂದವ್ರೆ ಕಣಕ್ಕ."

"ತಗೋ ತಗೋ," ಎಂದು ಶಿವರುದ್ರಮ್ಮ ಕಿಟಕಿಯ ಕಡೆ ತಿರುಗಿದಳು.

ಕೇಂದ್ರದಲ್ಲಿ ಕೈಗೆ ಫಾರಂ ಕೊಟ್ಟರು. ಶಿವರುದ್ರಮ್ಮ ಕನ್ನಡಕ ಮರೆತು ಬಂದಿದ್ದರಿಂದ ಸುಧಾಳೇ ಒಂದೊಂದು ಪ್ರಶ್ನೆ ಓದಿ ಇಬ್ಬರದ್ದನ್ನೂ ತುಂಬಿದಳು. ಏಳನೆಯದು: ಮೊಟ್ಟೆಯಿಂದ ಅಲರ್ಜಿ ಇದೆಯೇ?

"ನಿಂದು ಇಲ್ಲ," ಎಂದು ಸುಧಾ ಗೀಟು ಹಾಕಿದಳು. 'ನಂದೂ ಇಲ್ಲ' ಎನ್ನುತ್ತಾ ತನ್ನ ಫಾರಂನಲ್ಲೂ ಸರಕ್ಕನೆ ಗೀಟು ಹಾಕಿ ಮುಂದಿನದಕ್ಕೆ ಹೋದಳು.

ಶಿವರುದ್ರಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು. ಎರಡು ವರ್ಷದ ಹಿಂದೆ ತುಮಕೂರಿನ ತರಬೇತಿಯಲ್ಲಿ ಕೇಕ್ ಹಂಚಿದ್ದರು. ಒಂದು ತುಂಡು ತಿಂದ ಸುಧಾಳ ಮುಖ ಊದಿಕೊಂಡು, ಉಸಿರೇ ಕಟ್ಟಿತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದವಳು ಶಿವರುದ್ರಮ್ಮನೇ. ಕೇಕ್‌ನಲ್ಲಿದ್ದ ಮೊಟ್ಟೆಯೇ ಕಾರಣ, ಇನ್ನೊಂದ್ಸಲ ಆದರೆ ಜೀವಕ್ಕೇ ಕಷ್ಟ ಎಂದು ಅಂದಿನ ಡಾಕ್ಟರು ಇಬ್ಬರ ಎದುರಿಗೇ ಹೇಳಿದ್ದರು.

"ಸುಧಾ, ನಿಂಗೆ ಆಗಲ್ವಲ್ಲೇ?" ಎಂದಳು ಮೆಲ್ಲಗೆ.

"ಶ್! ಅದು ಹಳೇದು. ಸುಮ್ನಿರಕ್ಕ."

ಶಿವರುದ್ರಮ್ಮ ಸುಮ್ಮನಾದಳು. ಹೇಳಿದರೆ ಲಸಿಕೆ ಹಾಕುವುದಿಲ್ಲ, ಸುಧಾ ಇಲ್ಲೇ ನಿಲ್ಲುತ್ತಾಳೆ, ತಾನು ಹೋಗುತ್ತೇನೆ. ಹೊಟ್ಟೆಕಿಚ್ಚಿಗೆ ತಪ್ಪಿಸಿದಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳುವುದು ಸುಳ್ಳೇ? ಹದಿನೈದು ದಿನದಿಂದ ತಾನು ಬೇಡಿಕೊಂಡಿದ್ದು ಇದನ್ನೇ ಅಲ್ಲವೇ? ತನ್ನ ಬಾಯಿಂದ ಬರುವುದು ಅಕ್ಕರೆಯೋ ಅಸೂಯೆಯೋ ಅವಳಿಗೇ ತಿಳಿಯಲಿಲ್ಲ. ಒಳಗಿನಿಂದ "ಸುಧಾ" ಎಂದು ಕೂಗಿದರು. ಸುಧಾ ತೋಳು ಮೇಲೆ ಸರಿಸುತ್ತಾ ಎದ್ದಳು. ಆ ಬರಿ ತೋಳು ಕಂಡದ್ದೇ ಶಿವರುದ್ರಮ್ಮ ಅವಳ ಹಿಂದೆಯೇ ನುಗ್ಗಿದಳು.

"ಡಾಕ್ಟ್ರಮ್ಮ, ಇವಳ್ಗೆ ಹಾಕ್ಬೇಡಿ. ಮೊಟ್ಟೆ ಆಗಲ್ಲ ಇವಳ್ಗೆ. ಉಸ್ರು ಕಟ್ಟೋಗಿತ್ತು."

ಸಿರಿಂಜ್ ಕೆಳಗಿಟ್ಟ ಡಾಕ್ಟರು ಒಂದೊಂದೇ ಕೇಳಿದರು. ಸುಧಾ ತಲೆ ತಗ್ಗಿಸಿ ಒಪ್ಪಿಕೊಂಡಳು. "ಈ ಲಸಿಕೆನ ಮೊಟ್ಟೇಲೇ ಬೆಳೆಸಿ ತಯಾರು ಮಾಡೋದಮ್ಮ. ಫಾರಂನಲ್ಲಿ ಸುಳ್ಳು ಬರೀಬಾರ್ದು. ಹಾಕಕ್ಕಾಗಲ್ಲ ಅಂತ ಲೆಟರ್ ಕೊಡ್ತೀನಿ. ಅದನ್ನ ಒಪ್ಪೋದು ಬಿಡೋದು ಆ ದೇಶದೋರಿಗೆ ಸೇರಿದ್ದು. ವಾಪಸ್ ಬಂದಾಗ ಇಲ್ಲೂ ಆರು ದಿನ ಬೇರೆ ಇರಿಸಬಹುದು. ಲಸಿಕೆ ಇಲ್ದೆ ಅಲ್ಲಿಗೆ ಹೋಗೋದಂತೂ ನಿಮ್ಗೇ ಅಪಾಯ."

ಸುಧಾ ಹೊರಗೆ ಬಂದು ಸಂಸ್ಥೆಗೆ ಫೋನ್ ಮಾಡಿದಳು. ಅಂಥ ಅಪಾಯಕ್ಕೆ ಕಳಿಸುವುದಿಲ್ಲ, ಶಿವರುದ್ರಮ್ಮೋರು ಹೋಗಲಿ ಎಂದರು ರೇಣುಕಾಪ್ರಸಾದ್.

ಶಿವರುದ್ರಮ್ಮನಿಗೆ ಲಸಿಕೆಯಾಯಿತು, ಹಳದಿ ಬಣ್ಣದ ಪುಟ್ಟ ಪುಸ್ತಕವೊಂದು ಕೈಗೆ ಬಂತು. ವಾಪಸ್ ರೈಲಿನಲ್ಲಿ ಸುಧಾ ಎದುರು ಸೀಟಿನಲ್ಲಿ ಕೂತಳು. ದಾಬಸ್‌ಪೇಟೆ ದಾಟಿದ ಮೇಲೆ ಬಾಯಿ ಬಿಟ್ಟಳು.

"ಕಾಯ್ತಿದ್ದೆ ಅಲ್ವಾ ನೀನು?"

"ಹೂಂ ಕಣೇ," ಎಂದಳು ಶಿವರುದ್ರಮ್ಮ. ಸುಳ್ಳು ಹೇಳುವ ತ್ರಾಣ ಉಳಿದಿರಲಿಲ್ಲ. "ಪಟ್ಟೀಲಿ ನಿನ್ ಹೆಸ್ರು ನೋಡಿದ್ ದಿನದಿಂದ ಕಾಯ್ತಿದ್ದೆ. ಆದ್ರೆ ನೀನು ಉಸ್ರು ಕಟ್ಕೊಂಡು ಬೀಳೋದ್ನ ಇನ್ನೊಂದ್ಸಲ ನೋಡಕ್ಕೆ ನನ್ ಕೈಲಿ ಆಯ್ತಿರ್ಲಿಲ್ಲ."

ಸುಧಾ ಕಿಟಕಿಯ ಕಡೆ ಮುಖ ಮಾಡಿದಳು. ತುಮಕೂರಿನಲ್ಲಿ ಇಳಿದು, ತಿರುಗಿ ನೋಡದೆ ತನ್ನೂರ ಕಡೆಯ ಕುಣಿಗಲ್ ಬಸ್ಸಿಗೆ ಹೋದಳು.

ಮುಂದೆ ಹದಿನೆಂಟು ದಿನ ಫೋನಿಲ್ಲ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಶಿವರುದ್ರಮ್ಮ ಬಟ್ಟೆ ಜೋಡಿಸುತ್ತಿದ್ದಾಗ ಸುಧಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನಾಲ್ಕು ಹಾಳೆ.

"ಅಲ್ಲಿ ಮಾತಾಡಕ್ಕೆ ಬರ್ಕೊಂಡಿದ್ದೆ. ನೋಡ್ಕೊಂಡು ಓದು, ಗಂಟ್ಲು ಒಣಗಿದ್ರೆ ನೀರು ಕುಡಿ. ನಿಂಗೋಸ್ಕರ ಅಲ್ಲ, ನಮ್ ರಾಗಿ ಮಾನ ಹೋಗ್ಬಾರ್ದು ಅಂತ."

"ಇನ್ನೂ ಕೋಪನಾ?"

"ಕೋಪ ಅಲ್ಲ," ಸುಧಾಳ ಕಣ್ಣು ತುಂಬಿತು. "ಹೊಟ್ಟೆ ಉರೀತದೆ ಕಣಕ್ಕ."

ಆ ಉರಿ ಎಂಥದೆಂದು ಶಿವರುದ್ರಮ್ಮನಿಗೆ ಚೆನ್ನಾಗಿಯೇ ಗೊತ್ತಿತ್ತು. ಸಮಾಧಾನ ಹೇಳಲು ಹೋಗಲಿಲ್ಲ. ಹಾಳೆಗಳನ್ನು ಸೀರೆಯ ಮಡಿಕೆಯೊಳಗೆ ಇಟ್ಟು, ಅವಳಿಗೆ ಮಣೆ ಹಾಕಿ, ತಟ್ಟೆಗೆ ಬಿಸಿ ಮುದ್ದೆ ಇಟ್ಟಳು. ಸುಧಾ ಮೂಗು ಒರೆಸಿಕೊಂಡು ಉಣ್ಣಲು ಕೂತಳು.