ವೇದಾ ಅವರ ತಂದೆಯ ರೇಜರ್

ಹಾಲಸ್ವಾಮಿ ಬಚ್ಚಲ ಕಟ್ಟೆಯ ಮೇಲೆ ಕೂತು ಹಳೆಯ ಸೇಫ್ಟಿ ರೇಜರೊಂದನ್ನು ತೊಳೆಯುತ್ತಿದ್ದ. ಹಿಡಿ ತಿರುಗಿಸಿದರೆ ತಲೆಯ ಎರಡು ರೆಕ್ಕೆಗಳು ತೆರೆದುಕೊಳ್ಳುವ ಮಾದರಿ ಅದು. ರೆಕ್ಕೆಗಳಡಿಯಲ್ಲಿ ಸಾಬೂನು, ತುಕ್ಕು, ಕೂದಲ ಚೂರು ಎಲ್ಲ ಸೇರಿ ಬೂದುಬಣ್ಣದ ಅಂಟಾಗಿ ಕೂತಿತ್ತು. ಬ್ರಷ್ಷಿನಿಂದ ಕೆರೆದಾಗ ಎದ್ದ ವಾಸನೆಗೆ ಹೊಟ್ಟೆ ತೊಳಸಿತು. ಶಿವಮೊಗ್ಗದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಅವನು ಬೇರೆಯವರ ಬಾಚಣಿಗೆಯನ್ನೂ ಮುಟ್ಟುವವನಲ್ಲ. ಆದರೂ ಕೊಳೆಯಡಿಯಿಂದ ನಿಕಲ್ ಹೊಳೆದು ಬರುವುದನ್ನು ನೋಡುವ ಆಸೆಗೆ ಈ ಹೇಸಿಗೆಯನ್ನು ಸಹಿಸಿಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ಅದನ್ನು ಕೋಟೆ ಬಡಾವಣೆಯಲ್ಲಿದ್ದ ಅಕ್ಕನ ಮನೆಗೆ ಒಯ್ದ. ಭಾವ ರೇಣುಕಾಪ್ರಸಾದ್‌ಗೂ ಹಳೆಯ ರೇಜರ್‌ಗಳನ್ನು ಕೂಡಿಸುವ ಇದೇ ಹುಚ್ಚು. ಹೊಸ ಬ್ಲೇಡ್ ಹಾಕಿಸಿಕೊಂಡು ಹಿತ್ತಲ ಕನ್ನಡಿಯ ಮುಂದೆ ಆಗಲೇ ಗಡ್ಡ ತೆಗೆದುಕೊಂಡರು. ಇಷ್ಟು ಹಗುರವಾಗಿ ಓಡುವ ರೇಜರ್ ತಾನು ಕಂಡೇ ಇಲ್ಲ ಎನ್ನುತ್ತಾ ಕೆನ್ನೆ ಸವರಿಕೊಂಡು, ಯಾರದೆಂದು ಕೇಳಿದರು.

ಹಾಲಸ್ವಾಮಿ ಹೇಳಿದ. ಭದ್ರಾವತಿಯ ಶಾಲಾ ಶಿಕ್ಷಕಿ ವೇದಾ ತಮ್ಮ ತೀರಿಹೋದ ತಂದೆಯ ನೆನಪಿಗೆಂದು ಇಟ್ಟುಕೊಂಡಿದ್ದು, ಹಾಳಾಗಬಾರದೆಂದು, ಹಳೆಯ ರೇಜರ್‌ಗಳನ್ನು ಜೋಪಾನ ಮಾಡುವ ಇವನಿಗೆ ಕೊಟ್ಟಿದ್ದರು. ತಂದೆಯ ಹುಟ್ಟೂರಿನ ಕಟಿಂಗ್ ಶಾಪಿನಲ್ಲಿ ದಲಿತರನ್ನು ಒಳಗೆ ಬಿಡುತ್ತಿರಲಿಲ್ಲ. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ತಂದೆ ಮೊದಲು ಕೊಂಡದ್ದೇ ಈ ರೇಜರ್. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಕೇರಿಯ ಗಂಡಸರನ್ನು ಕೂರಿಸಿಕೊಂಡು ತಾವೇ ಗಡ್ಡ ಮಾಡುತ್ತಿದ್ದರಂತೆ.

ಭಾವನ ಕೈ ಕೆನ್ನೆಯ ಮೇಲೇ ನಿಂತಿತು. ರೇಜರನ್ನು ಕಲ್ಲಿನ ಮೇಲೆ ಕುಕ್ಕಿ ಒಳಗಿನಿಂದ ಡೆಟಾಲ್ ತಂದು ಮುಖ ಉಜ್ಜತೊಡಗಿದರು. ಚರ್ಮ ಕೆಂಪಾದರೂ ಬಿಡಲಿಲ್ಲ.

ನೋಡುತ್ತ ನಿಂತ ಹಾಲಸ್ವಾಮಿಗೆ ಹಿಂದಿನ ದಿನ ಬಚ್ಚಲಲ್ಲಿ ಬಂದದ್ದಕ್ಕಿಂತ ಕೆಟ್ಟ ವಾಕರಿಕೆ ಬಂತು.

"ಜಾತಿ ಮಾತಲ್ಲ ಮಾರಾಯ," ಎಂದರು ಭಾವ. "ಎಷ್ಟು ಜನರ ಮುಖದ ಮೇಲೆ ಆಡಿದೆಯೋ ಏನೋ. ನಂದು ಬರೀ ಕ್ಲೀನಿನ ವಿಷಯ."

"ಹೋದ ತಿಂಗಳು ಕಾಫಿ ತೋಟದ ಸತ್ತ ಇಂಗ್ಲಿಷ್ ದೊರೆಯ ರೇಜರಲ್ಲಿ ಗಡ್ಡ ಮಾಡ್ಕೊಂಡ್ರಲ್ಲ ಭಾವ. ಆಗ ಬರೀ ತಣ್ಣೀರಲ್ಲಿ ಮುಖ ತೊಳ್ಕೊಂಡ್ರಿ."

ಭಾವ ಟವೆಲಿನಿಂದ ಮುಖ ತೆಗೆದರು. "ಇದನ್ನ ಮುಟ್ಟುವಾಗ ನಿಂಗೇನೂ ಅನ್ನಿಸ್ಲಿಲ್ವಾ? ನಿಜ ಹೇಳು."

ಇಲ್ಲ ಎನ್ನಲು ಹೋದ ಹಾಲಸ್ವಾಮಿ ಕಲ್ಲಿನ ಮೇಲಿದ್ದ ರೇಜರನ್ನು ಕೈಗೆತ್ತಿಕೊಂಡ.

"ಅನ್ನಿಸಿತ್ತು," ಎಂದ. "ಇದನ್ನ ಎರಡೆರಡು ಸಲ ಕುದಿಸಿದೀನಿ. ಬೇರೆ ಯಾವ ರೇಜರನ್ನೂ ಕುದಿಸಿರ್ಲಿಲ್ಲ. ಯಾಕೆ ಕುದಿಸ್ತಿದೀನಿ ಅಂತ ಒಂದು ಸಲವೂ ಯೋಚಿಸ್ಲಿಲ್ಲ."

ಹೇಳಿದ ಮೇಲೆ ತನ್ನ ಕೈಗಳೇ ಅವನಿಗೆ ಅಸಹ್ಯವೆನಿಸಿದವು. ಬ್ಲೇಡ್ ಬದಲಿಸಿ, ಕೆನ್ನೆಗೆ ನೊರೆ ಹಚ್ಚಿಕೊಂಡು, ಅದೇ ಕನ್ನಡಿಯ ಮುಂದೆ ನಿಧಾನವಾಗಿ ಗಡ್ಡ ತೆಗೆದುಕೊಂಡ. ಭಾವ ಮುಖ ತಿರುಗಿಸಿದರು.

ಅಕ್ಕ ಸೌಂದರ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವನು ಸ್ನಾನ ಮಾಡಿಯೇ ಒಳಗೆ ಬರಲಿ ಎಂದು ಭಾವ ಅವಳಿಗೆ ಹೇಳಿದರು. ಅವಳು ತಮ್ಮನ ತೋಳು ಹಿಡಿದು ಒಳಗೆ ಕರೆದೊಯ್ದು ಕೂರಿಸಿ, ಅಕ್ಕಿರೊಟ್ಟಿ ಹಾಕಿದಳು. ಪಕ್ಕದಲ್ಲೇ ಕೂತು, ಅವನ ತಟ್ಟೆಯ ರೊಟ್ಟಿಯನ್ನೇ ಮುರಿದು ಚಟ್ನಿಗೆ ಅದ್ದಿ ತಿಂದಳು.

ಹಿತ್ತಲಲ್ಲಿ ಬಹಳ ಹೊತ್ತು ನಲ್ಲಿಯ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ ಭಾವ ಒಳಗೆ ಬಂದರು. ದೂರ ಕೂರಲು ಹೋದವರು ಅರೆಕ್ಷಣ ತಡೆದು, ಹಾಲಸ್ವಾಮಿಯ ಇನ್ನೊಂದು ಪಕ್ಕಕ್ಕೆ ಬಂದು ಕೂತರು.

"ನಂಗೂ ಹಾಕು," ಎಂದರು, ಯಾರ ಮುಖವನ್ನೂ ನೋಡದೆ.